ಗೋಡೆಯ ಮೇಲಿನ ನಾಲ್ಕು ಮೀನುಗಳಿಗಾಗಿ

ಕೊನೆಯ ಹಲಗೆಯನ್ನೂ ಮೊನ್ನೆ ಗೋಡೆಗೆ ಕೂರಿಸಿದ್ದಾಯಿತು. ಒಟ್ಟು ಹನ್ನೆರಡು ಹಲಗೆ, ಒಂದೇ ಚಿತ್ರ. ದುಂಡಗೆ ಸುತ್ತುತ್ತಿರುವ ನಾಲ್ಕು ಸಾಲ್ಮನ್ ಮೀನುಗಳು.

ನಾನು ಕೆನಡಾದ ವ್ಯಾಂಕೂವರ್‌ನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಮ್ಮ ಮಕ್ಕಳ ಜೊತೆ ಕೂತು ಈ ಚಿತ್ರ ಬರೆದವರು ಇಲ್ಲಿನ ಮೂಲನಿವಾಸಿಗಳಾದ ಮಸ್ಕ್ವಿಯಂ ಸಮುದಾಯದ ಒಬ್ಬ ಹಿರಿಯ ಕಲಾವಿದೆ. ತಮ್ಮ ಹೆಸರು ಹಾಕುವುದು ಬೇಡ ಎಂದರು. ಆದರೆ ಈ ಮಾತುಗಳನ್ನು ಎಲ್ಲರೆದುರು ಹೇಳದೆ ನನಗೆ ಸಮಾಧಾನವಿಲ್ಲ.

ಮೊದಲ ಧನ್ಯವಾದ, ಅವರು 'ಬೇಡ' ಅಂದಿದ್ದಕ್ಕೆ. ಮಕ್ಕಳು ಮೊದಲ ದಿನವೇ ಪ್ರಾಣಿ, ಮನುಷ್ಯರ ಆಕೃತಿ ಕೆತ್ತಿದ ಟೋಟೆಮ್ ಕಂಬಗಳ ಸ್ಕೆಚ್ ಮಾಡಿಕೊಂಡು ಬಂದಿದ್ದರು. ಅವರು ಒಂದೊಂದನ್ನೂ ನಿಧಾನವಾಗಿ ನೋಡಿದರು. ಕೆಲಸ ಚೆನ್ನಾಗಿದೆ, ಆದರೆ ಇದು ನಮ್ಮದಲ್ಲ ಎಂದರು. ಆ ಎತ್ತರದ ಕಂಬಗಳು ಉತ್ತರ ಕರಾವಳಿಯ ಹೈಡಾ, ಸಿಮ್ಶಿಯನ್ ಮುಂತಾದ ಜನರ ಪರಂಪರೆ. ಫ್ರೇಸರ್ ನದಿ ಕಡಲು ಸೇರುವ ಈ ಜಾಗ ಮಸ್ಕ್ವಿಯಂ ಸಮುದಾಯವೂ ಸೇರಿದ ಕೋಸ್ಟ್ ಸೇಲಿಶ್ ಜನರದ್ದು. ಇವರು ಕೆತ್ತಿದ್ದು ಮನೆ ಹೊರುವ ಕಂಬಗಳನ್ನು, ನೂಲುವ ಕದಿರಿಗೆ ಸಿಕ್ಕಿಸುವ ಮರದ ಬಿಲ್ಲೆಗಳನ್ನು.

ಮುಂದಿನ ವಾರ ಅಂಥ ಒಂದು ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಬೆಟ್ಟದ ಮೇಕೆಯ ಉಣ್ಣೆ, ಅದಕ್ಕೆಂದೇ ಸಾಕಿದ್ದ ನಾಯಿಗಳ ತುಪ್ಪಳ, ಇವನ್ನು ನೂಲುತ್ತಿದ್ದದ್ದು ಇಂಥದ್ದರಲ್ಲೇ. ಅದು ಕೈಯಿಂದ ಕೈಗೆ ಹೋಯಿತು. ಯಾರೂ ಮಾತಾಡಲಿಲ್ಲ. ನಮ್ಮ ಚಿತ್ರದ ದುಂಡು ಬಂದಿದ್ದು ಅಲ್ಲಿಂದ.

ಅದರ ಮೇಲಿನ ಕೆತ್ತನೆಯಲ್ಲಿ ಅರ್ಧಚಂದ್ರ, ಮೊಟ್ಟೆಯಾಕಾರ, ಒಳಗೆ ಬಾಗಿದ ಮುಮ್ಮೂಲೆ, ಇಷ್ಟೇ. ಮೀನಿನ ಸುತ್ತ ಗೆರೆ ಎಳೆಯುವುದಲ್ಲ, ಕೆತ್ತಿ ತೆಗೆದ ಜಾಗವೇ ಮೀನಿನ ಕಿವಿರು, ರೆಕ್ಕೆ ಆಗುತ್ತದೆ. ಇಷ್ಟು ವರ್ಷ ಚಿತ್ರ ಕಲಿಸಿದ್ದರೂ ನಾನು ಹಾಗೆ ನೋಡಿರಲಿಲ್ಲ.

ಬಣ್ಣದ ವಿಷಯಕ್ಕೆ ದೊಡ್ಡ ಚರ್ಚೆಯೇ ಆಯಿತು. ಎಲ್ಲ ಮೀನೂ ಕೆಂಪಿರಲಿ ಅಂತ ಮಕ್ಕಳ ಹಟ. ಸಾಕ್‌ಐ ಎಂಬ ಜಾತಿಯ ಸಾಲ್ಮನ್ ಕಡಲಲ್ಲಿ ಬೆಳ್ಳಿಯ ಹಾಗೆ ಇರುತ್ತದೆ, ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ಮರಳುವಾಗ ಮೈ ಕೆಂಪಾಗಿ ತಲೆ ಹಸಿರಾಗುತ್ತದೆ ಎಂದು ಅವರು ವಿವರಿಸಿದರು. ಹೆಚ್ಚಿನವು ನಾಲ್ಕನೇ ವರ್ಷಕ್ಕೆ ಮರಳುತ್ತವೆ. ಹಾಗಾಗಿ ನಾಲ್ಕರಲ್ಲಿ ಒಂದೇ ಮೀನು ಕೆಂಪು. ಅದನ್ನು ಈ ವರ್ಷ ಶಾಲೆ ಬಿಡುವ ಹನ್ನೆರಡನೇ ತರಗತಿಯವರೇ ಬಳಿದರು.

ಒಂದು ಮಧ್ಯಾಹ್ನ ಅವರು ಕುಂಚ ಕೆಳಗಿಟ್ಟು ತಮ್ಮ ಅಜ್ಜಿಯ ಬಗ್ಗೆ ಹೇಳಿದರು. ಅಜ್ಜಿಯನ್ನು ಚಿಕ್ಕವರಿದ್ದಾಗಲೇ, ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರೆ ಮಾಡಿ ಇಡುತ್ತಿದ್ದ ವಸತಿ ಶಾಲೆಗೆ ಕರೆದೊಯ್ದರಂತೆ. ಅಲ್ಲಿ ಮನೆಯ ಭಾಷೆ ಆಡಿದರೆ ಶಿಕ್ಷೆ. ಕೆನಡಾದಲ್ಲಿ ಇಂಥ ಶಾಲೆಗಳು 1990ರ ದಶಕದವರೆಗೂ ಇದ್ದವು. ಬಂದವರಿಗೆಲ್ಲ ಉಡುಗೊರೆ ಹಂಚುವ ಮೂಲನಿವಾಸಿಗಳ ಪಾಟ್‌ಲ್ಯಾಚ್ ಸಮಾರಂಭಕ್ಕೂ 1885ರಿಂದ 1951ರವರೆಗೆ ಕಾನೂನಿನ ನಿಷೇಧವಿತ್ತು. ಶಾಲೆ ಎನ್ನುವ ಜಾಗ ಅವರ ಮನೆಯವರಿಗೆ ಏನು ಮಾಡಿತ್ತು ಎಂದು ಗೊತ್ತಿದ್ದೂ, ಅವರು ವಾರಕ್ಕೆರಡು ಸಲ ಒಂದು ಶಾಲೆಯ ಬಾಗಿಲು ದಾಟಿ ಒಳಗೆ ಬಂದರು. ಇದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ?

ನವೆಂಬರ್ ಮಳೆಗೆ ಮೂರು ಹಲಗೆಗಳ ಬಣ್ಣ ಎದ್ದುಹೋದಾಗ ಉಜ್ಜಿ ಮತ್ತೆ ಬಳಿದ ಹುಡುಗರಿಗೆ, ರಾತ್ರಿ ಎಂಟರವರೆಗೂ ಬಾಗಿಲು ತೆರೆದಿಟ್ಟ ಕಾವಲುಗಾರರಿಗೆ, ಹಲಗೆ ಕೊರೆದುಕೊಟ್ಟ ಮರಗೆಲಸದ ಮೇಷ್ಟ್ರಿಗೆ ತುಂಬಾ ತುಂಬಾ ಧನ್ಯವಾದ. ನೀವಿಲ್ಲದಿದ್ದರೆ ಇದು ಬೇಸಿಗೆಗೂ ಮುಗಿಯುತ್ತಿರಲಿಲ್ಲ.

ಕೋಸ್ಟ್ ಸೇಲಿಶ್ ಜನ ಕೃತಜ್ಞತೆ ಹೇಳುವಾಗ ಎರಡೂ ಕೈಗಳನ್ನು ಎದೆಯ ಮುಂದೆ ಮೇಲಕ್ಕೆತ್ತುತ್ತಾರೆ. ಮೊನ್ನೆ ಪರದೆ ಸರಿದಾಗ ಚಪ್ಪಾಳೆ ಬರಲಿಲ್ಲ. ಯಾರೂ ಹೇಳಿಕೊಡದೆಯೇ ಮಕ್ಕಳೆಲ್ಲ ಅವರ ಕಡೆ ತಿರುಗಿ ಕೈ ಎತ್ತಿ ನಿಂತರು. ಅವರು ಕಣ್ಣೊರೆಸಿಕೊಂಡು ತಾವೂ ಕೈ ಎತ್ತಿದರು. ಅಮ್ಮಾ, ಆವತ್ತು ನನ್ನ ಕೈಯಲ್ಲಿ ಏಣಿಯಿತ್ತು. ಇವತ್ತು ಎರಡೂ ಕೈ ಎತ್ತಿ, ನಿಮ್ಮ ಮಾತಿನಲ್ಲೇ ಧನ್ಯವಾದ ಹೇಳುತ್ತಿದ್ದೇನೆ. ಹೈಚ್ಕಾ.