ಹದಿಮೂರನೆಯ ವಚನಕ್ಕೂ ಮೊದಲು

ಪ್ರೀತಿಯ ಮಗಳೇ,

ಭಾನುವಾರ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಿಮ್ಮ ಚರ್ಚಿನ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ದೇವರು ತಮಗೆ ಕೊಟ್ಟದ್ದನ್ನು ಸಾಕ್ಷಿಯಾಗಿ ಹೇಳಿದರಂತೆ. ಒಬ್ಬರಿಗೆ ಫ್ಲ್ಯಾಟ್, ಇನ್ನೊಬ್ಬರಿಗೆ ಕೆನಡಾದ ವೀಸಾ. ಹಿಂದಿನ ಬೆಂಚಿನಲ್ಲಿ ಕುಳಿತ ನಿನಗೆ, ನನ್ನೊಳಗೆ ಸಂತೋಷವೇ ಇಲ್ಲ, ವಿಶ್ವಾಸದಲ್ಲೇ ಏನೋ ಕೊರತೆ ಎನ್ನಿಸಿತಂತೆ. ಫೋನಿನಲ್ಲಿ ನನಗೆ ಮಾತು ಕೂಡಿಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. (ಫ್ಲ್ಯಾಟ್ ಪಡೆದವರು ಸ್ತೋತ್ರ ಹೇಳಲಿ, ಬೇಡವೆನ್ನುವುದಿಲ್ಲ. ಕಂತು ಕಟ್ಟುವಾಗಲೂ ಹೇಳಲಿ.)

ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ರಟ್ಟಿನ ಮೇಲೆ ಅವ್ವ ಬರೆದುಕೊಟ್ಟ ಬೈಬಲಿನ ವಚನ ನೆನಪಿದೆಯೇ? ಫಿಲಿಪ್ಪಿಯವರಿಗೆ 4:13, ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಬರೆದ ಪತ್ರದ್ದು. ಬಲಪಡಿಸುವಾತನಿಂದ ನಾನು ಎಲ್ಲಕ್ಕೂ ಶಕ್ತನು ಎನ್ನುವ ಮಾತು. ಕ್ಯಾಲೆಂಡರಿನಲ್ಲಿ ನೋಡಿದರೂ ಅದೇ, ಆಟೋದ ಬೆನ್ನಿನ ಮೇಲೂ ಅದೇ. ಎಲ್ಲರೂ ಅದನ್ನು ಗೆಲುವಿನ ಮಾತೆಂದೇ ಓದುತ್ತಾರೆ, ನಾವೂ ಹಾಗೆಯೇ ಓದಿದೆವು. ಈ ವಾರ ಅದಕ್ಕೆ ಮೊದಲಿನ ಎರಡು ವಚನಗಳನ್ನು ನಿಧಾನವಾಗಿ ಓದಿದೆ. ಅಲ್ಲಿ ಪೌಲ ಹೇಳುತ್ತಿರುವುದು ಹೊಟ್ಟೆಯ ವಿಷಯ. ತುಂಬಿದಾಗ ಇರುವುದನ್ನೂ ಹಸಿದಾಗ ಇರುವುದನ್ನೂ ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ಕಲಿತುಕೊಂಡಿದ್ದೇನೆ! ಹುಟ್ಟುಗುಣ ಎನ್ನಲಿಲ್ಲ. ಅವನಿಗೇ ಕಲಿಯಬೇಕಾಗಿ ಬಂದದ್ದು ನಿನಗೆ ಇಪ್ಪತ್ತೇಳಕ್ಕೇ ಬಾಯಿಪಾಠವಾಗಬೇಕೇ?

ಆ ಪತ್ರ ಬರೆಯುವಾಗ ಅವನು ಬೇಡಿಯಲ್ಲಿದ್ದ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳುಹಿಸಿದರು. ಬಂದವನೇ ಕಾಯಿಲೆ ಬಿದ್ದು ಸಾಯುವಂತಾದ. ಅವನು ಉಳಿಯದಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಇನ್ನೊಂದು ಕಡೆ, ಅಳುತ್ತಾ ಹೇಳುತ್ತೇನೆ ಎಂದಿದ್ದಾನೆ. ಸಂತೋಷಪಡಿರಿ, ಸಂತೋಷಪಡಿರಿ ಎಂದು ಹೇಳುವುದೂ ಅದೇ 104 ವಚನಗಳ ಪತ್ರವೇ.

ನಿನ್ನ ಅಜ್ಜಿಯನ್ನೇ ನೋಡು. ಮಳೆ ಕೈಕೊಟ್ಟು ಎತ್ತಿನ ಜೋಡಿ ಮಾರಿದ ವರ್ಷ ಬೇಸಿಗೆಯೆಲ್ಲ ಗೊಣಗಿದಳು. ಮಳೆಯನ್ನು ಬೈದಳು, ಎತ್ತು ಕೊಂಡವನನ್ನು ಬೈದಳು, ಒಮ್ಮೊಮ್ಮೆ ದೇವರನ್ನೂ ಬಿಡಲಿಲ್ಲ. ರಾತ್ರಿ ಪ್ರಾರ್ಥನೆಗೆ ಮಾತ್ರ ಪ್ರವಾದಿ ಹಬಕ್ಕೂಕನ ಮೂರನೆಯ ಅಧ್ಯಾಯವನ್ನೇ ಓದಿಸುತ್ತಿದ್ದಳು: ಅಂಜೂರ ಚಿಗುರದಿದ್ದರೂ, ಎಣ್ಣೆಮರ ಫಲ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಪಡುವೆನು. ಆಕೆ ಎಣ್ಣೆಮರ, ಅಂದರೆ ಆಲಿವ್ ಮರ, ಕಂಡವಳಲ್ಲ. ಬರಿದಾದ ಕೊಟ್ಟಿಗೆಯನ್ನು ದಿನವೂ ಗುಡಿಸುತ್ತಿದ್ದಳು. ಚರ್ಚಿನ ಸುಗ್ಗಿಹಬ್ಬಕ್ಕೆ ಕಾಣಿಕೆಯಾಗಿ ಎಲ್ಲರಂತೆ ಮೂಟೆ ಒಯ್ಯಲಾಗದೆ ಹಿತ್ತಲ ಬದನೆಕಾಯಿ ಆರೋ ಏಳೋ ಸೆರಗಿನಲ್ಲಿ ಕಟ್ಟಿಕೊಂಡು ನಡೆದಳು. ನನಗೆ ನಾಚಿಕೆಯಾಗಿ ನಾಲ್ಕು ಹೆಜ್ಜೆ ಹಿಂದೆ ಬಿದ್ದೆ. ಕಾಣಿಕೆಗಳ ಹರಾಜಿನಲ್ಲಿ ಆ ಬದನೆಕಾಯಿಗೆ ಕೂಗುವವರಿಲ್ಲದಾಗ ತಾನೇ ಎಂಟಾಣೆಗೆ ಕೂಗಿ ಬಿಡಿಸಿಕೊಂಡಳು. ರಾತ್ರಿ ಎಣ್ಣೆಗಾಯಿ ಮಾಡಿ, ದೇವರ ಹತ್ತಿರ ಕೊಂಡ ಬದನೆಕಾಯಿಗೆ ರುಚಿ ಬೇರೆ ಎಂದು ನಕ್ಕಳು. ಮಾರನೆಯ ದಿನ ಮತ್ತೆ ಗೊಣಗಾಟ.

ನೀನು ಹುಡುಕುತ್ತಿರುವ ಸಂತೋಷಕ್ಕೆ ನನಗೆ ಗೊತ್ತಿರುವ ಮುಖ ಇದೊಂದೇ.

ಶನಿವಾರದ ಬಸ್ಸಿಗೆ ಕಟಕಟಿ ರೊಟ್ಟಿ, ಶೇಂಗಾ ಚಟ್ನಿ ಕಳುಹಿಸುತ್ತೇನೆ. ಕಳೆದ ಸಲ ರೊಟ್ಟಿ ಪುಡಿಯಾಗಿತ್ತೆಂದು ದೂರಿದ್ದೆಯಲ್ಲ, ಈ ಸಲ ಡಬ್ಬಿಯ ತಳಕ್ಕೆ ನಿನ್ನ ಹಳೆಯ ಪರೀಕ್ಷೆಯ ರಟ್ಟನ್ನೇ ಕತ್ತರಿಸಿ ಇಟ್ಟಿದ್ದೇನೆ. ತಿರುಗಿಸಿ ನೋಡು, ಹನ್ನೊಂದು, ಹನ್ನೆರಡನೆಯ ವಚನಗಳನ್ನು ಬರೆದಿದ್ದೇನೆ. ಎಣ್ಣೆ ತಾಗಿದರೆ ಅವ್ವನನ್ನು ಕೇಳು.

ನಿನ್ನ ಅಪ್ಪ