ಭಾನುವಾರದ ಕೂಟ: ಮೂರು ಆಲ್ಬಂ ಪಟ್ಟಿ ಕಳಿಸಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಇಂಡೀ ರಾಕ್ (ದೊಡ್ಡ ಸಂಗೀತ ಕಂಪನಿಗಳ ಹೊರಗೆ ಬೆಳೆದ ರಾಕ್) ಕೇಳುವ ಕೂಟ. ಸರದಿ ಬಂದವರು ತಮ್ಮ ಅಭಿರುಚಿ ಬದಲಾದ ಹಾದಿ ತೋರಿಸುವ ಮೂರು ಆಲ್ಬಂ ಆರಿಸಿ. ಮಾದರಿಗೆ, ಆರ್.ಇ.ಎಂ. ಬ್ಯಾಂಡ್‌ನ ‘ಮರ್ಮರ್’ (1983), ಪೇವ್‌ಮೆಂಟ್‌ನ ‘ಸ್ಲಾಂಟೆಡ್ ಅಂಡ್ ಎನ್‌ಚಾಂಟೆಡ್’ (1992), ಆರ್ಕೇಡ್ ಫೈರ್‌ನ ‘ಫ್ಯೂನರಲ್’ (2004). ‘ಮರ್ಮರ್’ನಲ್ಲಿ ಮಾತು ತಿಳಿಯದಿದ್ದರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಬ್ಯಾಂಡ್‌ನ ಗಾಯಕ ಮೈಕೆಲ್ ಸ್ಟೈಪ್ ಹಾಡಿರುವುದೇ ಹಾಗೆ.

ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್) ಆನ್ ಇರಲಿ. 80ರ ದಶಕದ ಸಿಡಿಗಳ ಸದ್ದು ಮೆಲು; 90ರ ದಶಕದ ಕೊನೆಯ ಹೊತ್ತಿಗೆ, ಬಿಡುಗಡೆಗೆ ಮುನ್ನ ಧ್ವನಿ ಹದಗೊಳಿಸುವ ಹಂತವಾದ ಮಾಸ್ಟರಿಂಗ್‌ನಲ್ಲೇ ಸದ್ದು ಏರಿಸುವುದು ರೂಢಿಯಾಯಿತು. ಹಾಗೇ ಹಾಕಿದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಹೋಲಿಕೆ ಕೆಡುತ್ತದೆ.

ಹಿಂದೆ ಹಿಡಿಸದೆ ಈಗ ಹಿಡಿಸಿದ ಒಂದು ಹಾಡನ್ನೂ ಬರೆಯಿರಿ, ಚರ್ಚೆಗೆ ಅದೇ ಮುಖ್ಯ. ಪಟ್ಟಿ ಶನಿವಾರ ರಾತ್ರಿ 9ರೊಳಗೆ ಇಲ್ಲೇ ಹಾಕಿ. ಬರುವವರು ‘ಬರ್ತೀನಿ’ ಅಂತ ತಿಳಿಸಿ.