ಡೆಮು ರೈಲಿನ ಚಕ್ರ ತಿರುಗಿಸುವುದು ಡೀಸೆಲ್ ಎಂಜಿನ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಡೆಮು ರೈಲುಗಳ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಜನರು ದಿನವೂ ಹತ್ತಿ ಇಳಿಯುವ ರೈಲಿನ ಒಳಗನ್ನು ತಿಳಿಸಿಕೊಡುವ ಪ್ರಯತ್ನ ಮೆಚ್ಚತಕ್ಕದ್ದೇ. ಆದರೆ ಅದರಲ್ಲಿ ಎರಡು ತಪ್ಪುಗಳು ನುಸುಳಿವೆ. ತಂತಿಯಲ್ಲಿ ವಿದ್ಯುತ್ ಇದ್ದಾಗ ವಿದ್ಯುತ್ತಿನಿಂದಲೂ ಇಲ್ಲದಿದ್ದಾಗ ಡೀಸೆಲ್‌ನಿಂದಲೂ ಡೆಮು ಓಡುತ್ತದೆ ಎಂಬ ಮಾತು ಒಂದು. ಎಂಜಿನ್ನಿನಿಂದ ಚಕ್ರದ ಅಚ್ಚಿಗೆ ನೇರವಾಗಿ ದಪ್ಪ ಗೆರೆ ಎಳೆದು ತೋರಿಸಿದ ಚಿತ್ರ ಇನ್ನೊಂದು. ಹಲವು ವರ್ಷ ಡೀಸೆಲ್ ಷೆಡ್ಡಿನಲ್ಲಿ ಕೆಲಸ ಮಾಡಿದವನಾದ್ದರಿಂದ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಡೀಸೆಲ್ ಎಲೆಕ್ಟ್ರಿಕ್ ಮಲ್ಟಿಪಲ್ ಯೂನಿಟ್ ಎಂಬುದರ ಹ್ರಸ್ವರೂಪವೇ ಡೆಮು. ಇಲ್ಲಿ ಡೀಸೆಲ್ ಎಲೆಕ್ಟ್ರಿಕ್ ಎಂದರೆ ಡೀಸೆಲ್ ಅಥವಾ ಎಲೆಕ್ಟ್ರಿಕ್ ಎಂದಲ್ಲ. ಡೀಸೆಲ್‌ನಿಂದ ವಿದ್ಯುತ್ತು, ಆ ವಿದ್ಯುತ್ತಿನಿಂದ ಚಲನೆ ಎಂದು. ತಲೆಯ ಮೇಲಿನ ತಂತಿಯಿಂದ 25 ಕಿಲೋವೋಲ್ಟ್ ವಿದ್ಯುತ್ ಪಡೆದು ಓಡುವುದು ಮೆಮು. ಡೆಮುವಿಗೆ ತಂತಿಯ ಹಂಗಿಲ್ಲ, ಅದು ತನಗೆ ಬೇಕಾದ ವಿದ್ಯುತ್ ಸ್ಥಾವರವನ್ನು ತಾನೇ ಹೊತ್ತು ತಿರುಗುತ್ತದೆ. ಚಾಲಕನ ಕೋಣೆಯ ಹಿಂದಿನ ಕೊಠಡಿಯಲ್ಲಿರುವ ಡೀಸೆಲ್ ಎಂಜಿನ್ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಎಂಬ ಯಂತ್ರವನ್ನು ತಿರುಗಿಸುತ್ತದೆ. ಅದರಿಂದ ಹೊರಟ ವಿದ್ಯುತ್ತನ್ನು ರೆಕ್ಟಿಫೈಯರ್ ಏಕಮುಖ ವಿದ್ಯುತ್ತಾಗಿ ಬದಲಿಸುತ್ತದೆ, ಅದು ಕೇಬಲ್‌ಗಳ ಮೂಲಕ ಕೆಳಗಿಳಿದು ಬೋಗಿಯಲ್ಲಿ ಕುಳಿತ, ಚಕ್ರ ತಿರುಗಿಸುವ ಟ್ರಾಕ್ಷನ್ ಮೋಟಾರುಗಳನ್ನು ಸೇರುತ್ತದೆ. (ಜನರ ಬಾಯಲ್ಲಿ ಬೋಗಿ ಎಂದರೆ ಇಡೀ ಡಬ್ಬಿ; ಷೆಡ್ಡಿನವರಿಗೆ ಅದು ಡಬ್ಬಿಯ ಕೆಳಗಿನ ಚಕ್ರಗಳ ಚೌಕಟ್ಟು ಮಾತ್ರ.) ಹೊಸ ಮಾದರಿಗಳಲ್ಲಿ ಏಕಮುಖ ವಿದ್ಯುತ್ತನ್ನು ಮತ್ತೆ ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರ್ ಬಳಸಿ ಮೂರು ಫೇಸಿನ ಮೋಟಾರುಗಳನ್ನು ಓಡಿಸುತ್ತಾರೆ. ಯಾವುದೇ ಮಾದರಿಯಾಗಲಿ, ಎಂಜಿನ್ನಿಗೂ ಚಕ್ರಕ್ಕೂ ನಡುವೆ ತಿರುಗುವ ಸರಳು ಒಂದೂ ಇರುವುದಿಲ್ಲ.

ಇಷ್ಟು ಸುತ್ತುಬಳಸು ಏಕೆ ಎಂದು ಯಾರಿಗಾದರೂ ಅನಿಸೀತು. ನಿಂತಲ್ಲಿಂದ ಹೊರಡುವ ರೈಲಿಗೆ ಅತಿ ಹೆಚ್ಚು ಎಳೆತ ಬೇಕಾಗುವುದು ಚಕ್ರ ಇನ್ನೂ ತಿರುಗದಿರುವ ಆ ಗಳಿಗೆಯಲ್ಲಿ. ಡೀಸೆಲ್ ಎಂಜಿನ್ನಿಗಾದರೋ ಒಂದು ಕನಿಷ್ಠ ವೇಗಕ್ಕಿಂತ ಕೆಳಗೆ ಇಳಿದರೆ ಉಸಿರೇ ನಿಂತುಹೋಗುತ್ತದೆ. ಬಸ್ಸಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಡುತ್ತಾ ಈ ಅಂತರವನ್ನು ದಾಟಿಸಬಹುದು. ನೂರಾರು ಟನ್ ತೂಗುವ ರೈಲಿಗೆ ಹಾಗೆ ಮಾಡಹೋದರೆ ಕ್ಲಚ್ ಸುಟ್ಟು ಕರಕಲಾಗುತ್ತದೆ. ಹಳೆಯ ಬಗೆಯ ಏಕಮುಖ ವಿದ್ಯುತ್ ಸೀರೀಸ್ ಮೋಟಾರಿನ ಗುಣವೇ ಬೇರೆ: ನಿಂತಾಗಲೇ ಅದರ ತಿರುಚುಬಲ ಹೆಚ್ಚು, ವೇಗ ಏರಿದಂತೆ ಆ ಬಲ ತಾನಾಗಿ ಇಳಿಯುತ್ತದೆ, ಮತ್ತು ರೈಲು ಬೇಡುವುದೂ ಅದನ್ನೇ. ಹಿಮ್ಮುಖವಾಗಿ ಓಡಿಸಲು ಎಂಜಿನ್ನನ್ನು ಮುಟ್ಟಬೇಕಾಗಿಯೂ ಇಲ್ಲ, ಮೋಟಾರಿನಲ್ಲಿ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಯ ಸಂಪರ್ಕವನ್ನು ಅದಲುಬದಲು ಮಾಡಿದರೆ ಸಾಕು.

ಇದನ್ನು ನಂಬಲು ಎಂಜಿನ್ ಕೊಠಡಿಗೆ ಹೋಗಬೇಕಿಲ್ಲ, ಕಿವಿ ಇದ್ದರೆ ಸಾಕು. ರೈಲು ಹೊರಡುವಾಗ ಪವರ್ ಕಾರಿನ, ಅಂದರೆ ಎಂಜಿನ್ ಇರುವ ಡಬ್ಬಿಯ, ಪಕ್ಕದ ಡಬ್ಬಿಯಲ್ಲಿ ಕುಳಿತು ಆಲಿಸಿ. ಚಾಲಕ ಕಂಟ್ರೋಲರಿನ ಹಿಡಿಯನ್ನು ಮೇಲಿನ ಹಂತಕ್ಕೆ ತಂದೊಡನೆ ಎಂಜಿನ್ನಿನ ದನಿ ದಪ್ಪಗಾಗಿ ಏರುತ್ತದೆ, ಆದರೆ ಪ್ಲಾಟ್‌ಫಾರ್ಮಿನ ಕಂಬಗಳು ಇನ್ನೂ ಆಮೆಯಂತೆ ಹಿಂದೆ ಸರಿಯುತ್ತಿರುತ್ತವೆ. ಆಮೇಲೆ ವೇಗ ಇಪ್ಪತ್ತರಿಂದ ಅರವತ್ತಕ್ಕೆ ಏರಿದರೂ ಆ ದನಿ ಹೆಚ್ಚುಕಡಿಮೆ ಅಲ್ಲಿಯೇ ನಿಂತಿರುತ್ತದೆ. ಏರುತ್ತಾ ಹೋಗುವುದು ನೆಲದಡಿಯಿಂದ ಬರುವ ಮೋಟಾರು ಗೇರಿನ ಸಣ್ಣ ಕೂಗು ಮಾತ್ರ. ಎಂಜಿನ್ ಚಕ್ರಕ್ಕೆ ಜೋಡಣೆಯಾಗಿದ್ದರೆ ಬಸ್ಸಿನಲ್ಲಿ ಕೇಳುವಂತೆ ಗೇರಿನಿಂದ ಗೇರಿಗೆ ದನಿ ಏರಿಳಿಯಬೇಕಿತ್ತು.

ಹಾಗೆ ಜೋಡಣೆಯಾದ ರೈಲುಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಡೀಸೆಲ್ ಮಲ್ಟಿಪಲ್ ಯೂನಿಟ್ ಎಂಬುದು ದೊಡ್ಡ ಕುಟುಂಬ, ಡೆಮು ಅದರ ಒಂದು ಕವಲು. ಬ್ರಿಟನ್ನಿನಲ್ಲಿ 1950ರ ದಶಕದ ಎಷ್ಟೋ ಡೀಸೆಲ್ ರೈಲುಗಳಿಗೆ ಗೇರ್‌ಬಾಕ್ಸ್ ಇತ್ತು. ಅಮೆರಿಕದ ಬಡ್ ಕಂಪನಿ 1949ರಲ್ಲಿ ತಂದ ರೈಲ್ ಡೀಸೆಲ್ ಕಾರಿನಲ್ಲಿ, ನೆಲದಡಿಯ ಎರಡು ಎಂಜಿನ್ನುಗಳು ಎಣ್ಣೆಯ ಹರಿವನ್ನು ಬಳಸುವ ಟಾರ್ಕ್ ಕನ್ವರ್ಟರ್ ಮೂಲಕ ಚಕ್ರ ತಿರುಗಿಸುತ್ತಿದ್ದವು. ವಿದ್ಯುತ್ ಕವಲಿನ ಹಿರಿಯರಲ್ಲಿ ಜರ್ಮನಿಯ ಫ್ಲೀಗೆಂಡರ್ ಹಾಂಬುರ್ಗರ್ ಪ್ರಸಿದ್ಧ. ತಲಾ 410 ಅಶ್ವಶಕ್ತಿಯ ಎರಡು ಎಂಜಿನ್ನುಗಳ ಆ ರೈಲು 1933ರಿಂದಲೇ ಬರ್ಲಿನ್ ಮತ್ತು ಹಾಂಬುರ್ಗ್ ನಡುವೆ ಗಂಟೆಗೆ 160 ಕಿ.ಮೀ. ವೇಗ ಮುಟ್ಟುತ್ತಿತ್ತು. ತಮ್ಮ ಚಿತ್ರ ಗೇರ್‌ಬಾಕ್ಸಿನ ರೈಲಿಗೆ ಒಪ್ಪೀತು. ಅದರ ಕೆಳಗೆ ಡೆಮು ಎಂದು ಬರೆದದ್ದೇ ತೊಂದರೆ.

ಮಲ್ಟಿಪಲ್ ಯೂನಿಟ್ ಎಂಬ ಮಾತನ್ನು ಲೇಖನ ಕೈಬಿಟ್ಟಿದೆ, ನಿಜಕ್ಕೂ ಸ್ವಾರಸ್ಯವಿರುವುದು ಅಲ್ಲಿಯೇ. ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ 1897ರಲ್ಲಿ ಷಿಕಾಗೋದ ಎಲೆಕ್ಟ್ರಿಕ್ ರೈಲುಗಳಿಗೆಂದು ಮಾಡಿದ ಏರ್ಪಾಟು ಇದು. ಡೆಮುವಿನಲ್ಲೂ ಹಾಗೆಯೇ, ಮುಂದಿನ ಕೋಣೆಯಲ್ಲಿ ಚಾಲಕ ಹಿಡಿ ತಿರುಗಿಸಿದರೆ, ಡಬ್ಬಿಯಿಂದ ಡಬ್ಬಿಗೆ ಹಾದುಹೋದ ಜಂಪರ್ ಕೇಬಲ್ಲಿನ ಮೂಲಕ ಅದೇ ಆಜ್ಞೆ ಹಿಂದಿನ ಪವರ್ ಕಾರಿಗೂ ತಲುಪಿ ಎರಡು ತುದಿಯ ಎಂಜಿನ್ನುಗಳೂ ಒಟ್ಟಿಗೆ ದುಡಿಯುತ್ತವೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಕಳಚಿ, ಇನ್ನೊಂದು ಹಳಿಯಲ್ಲಿ ಸುತ್ತಿ ಬಂದು, ಮತ್ತೆ ಜೋಡಿಸುವ ಗೋಜಿಲ್ಲ. ಚಾಲಕ ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಮುಗಿಯಿತು. ಗಳಿಗೆಗೊಮ್ಮೆ ನಿಲ್ಲುವ ಚಿಕ್ಕ ಮಾರ್ಗಗಳಿಗೆ ಈ ರೈಲು ಹೇಳಿಮಾಡಿಸಿದಂತಿರುವುದು ಇದರಿಂದ.

ಡೆಮುವಿಗೆ ಕುಂದೇ ಇಲ್ಲವೆಂದಲ್ಲ. ಎಂಜಿನ್, ಆಲ್ಟರ್ನೇಟರ್, ಮೋಟಾರು ಎಲ್ಲದರ ಭಾರವನ್ನೂ ಅದು ಹೊರಬೇಕು, ಶಕ್ತಿ ರೂಪ ಬದಲಿಸಿದ ಪ್ರತಿ ಸಲವೂ ಒಂದಷ್ಟು ಸೋರಿಹೋಗುತ್ತದೆ, ನಿಲ್ದಾಣದಲ್ಲಿ ಸುಮ್ಮನೆ ನಿಂತಾಗಲೂ ಎಂಜಿನ್ ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಪವರ್ ಕಾರಿನಲ್ಲಿ ಕುಳಿತವರಿಗೆ ಸದ್ದಿನ ಕಾಟ ಬೇರೆ. ಇವನ್ನೆಲ್ಲ ಟೀಕಿಸುವ ಹಕ್ಕು ಲೇಖಕರಿಗೆ ಖಂಡಿತ ಇದೆ.

ತಿದ್ದುಪಡಿ ಪ್ರಕಟಿಸುವುದಾದರೆ ಇಡೀ ಚಿತ್ರವನ್ನು ಬದಲಿಸಬೇಕಾಗಿಲ್ಲ. ಎಂಜಿನ್ನಿನಿಂದ ಅಚ್ಚಿಗೆ ಎಳೆದ ಆ ದಪ್ಪ ಗೆರೆಯನ್ನು ಅಳಿಸಿ, ಎಂಜಿನ್ನಿನ ಪಕ್ಕದಲ್ಲಿ ಆಲ್ಟರ್ನೇಟರನ್ನೂ ಅಚ್ಚಿನ ಪಕ್ಕದಲ್ಲಿ ಮೋಟಾರನ್ನೂ ಬರೆದು, ಅವೆರಡರ ನಡುವೆ ಕೇಬಲ್ ತೋರಿಸಿದರೆ ಸಾಕು.

ಇತಿ ತಮ್ಮ ಓದುಗ,
ಡೀಸೆಲ್ ಷೆಡ್ಡಿನ ನಿವೃತ್ತ ನೌಕರ